ಒಂದು ಮಿಲಿಮೀಟರಿನ ಲೆಕ್ಕ: ನಿರ್ವಹಣಾ ಸಮಿತಿಗೆ ಪ್ರತ್ಯುತ್ತರ

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಿಟಕಿಗಳಲ್ಲಿ ಸವೆದುಹೋದ ವುಲ್ ಪೈಲ್ ಕಿತ್ತು ಹೊಸದು ಹಾಕಿಸಬೇಕೆಂದು ನಾನು ಕೊಟ್ಟ ಅರ್ಜಿಯನ್ನು ನಿರ್ವಹಣಾ ಸಮಿತಿ ತಿರಸ್ಕರಿಸಿದೆ. ಕಾರಣಗಳನ್ನು ಎರಡು ಪುಟಗಳಲ್ಲಿ ಬರೆದು ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಿದೆ. ಸಮಿತಿ ಮತ್ತು ಅದರ ಗುತ್ತಿಗೆದಾರರು ಸೇರಿ ಬರೆದದ್ದೆಂದು ಅದರಲ್ಲೇ ಹೇಳಿದೆ. ನಾನು ಒಂದೊಂದೇ ಕಾರಣವನ್ನು ಎತ್ತಿಕೊಂಡು ಉತ್ತರಿಸುತ್ತೇನೆ. ಎರಡೂ ಕಡೆಯ ಮಾತು ಓದಿದವರು ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ ಎಂದು ತಾವೇ ನೋಡಲಿ.

ಮೊದಲು ವಸ್ತು ಏನೆಂದು ಹೇಳಿಬಿಡುತ್ತೇನೆ. ಸ್ಲೈಡಿಂಗ್ ಕಿಟಕಿಯ ಶಟರ್ ಜಾರಬೇಕಾದರೆ ಅದಕ್ಕೂ ಚೌಕಟ್ಟಿಗೂ ನಡುವೆ ಸಂದಿ ಇರಲೇಬೇಕು. ಆ ಸಂದಿಯನ್ನು ಮುಚ್ಚುವ, ಆದರೆ ಶಟರನ್ನು ಹಿಡಿದು ನಿಲ್ಲಿಸದ ಒಂದು ಪಟ್ಟಿ ಬೇಕು. ಸೆಕ್ಷನ್ನಿನ ಗ್ರೂವಿನೊಳಗೆ ಕೂರುವ, ಬ್ರಷ್ಷಿನಂತೆ ಎಳೆಗಳು ನಿಂತಿರುವ ಆ ಪಟ್ಟಿಯೇ ಪೈಲ್. ಜಾರುವುದು, ಮುಚ್ಚುವುದು ಎರಡೂ ಬೇಕೆನ್ನುವವರು ಇದನ್ನು ಬೇಡವೆನ್ನಲು ಬರುವುದಿಲ್ಲ.

ಸಮಿತಿಯ ಮೊದಲ ವಾದ: ‘ಇದು ಚಳಿ ದೇಶದವರ ವಸ್ತು. ನಮ್ಮ ಊರಿಗೆ ಗಾಳಿ ಬೇಕು.’ ಗಾಳಿ ಬೇಕಾದಾಗ ಕಿಟಕಿ ತೆರೆಯುತ್ತೇವೆ. ಮುಚ್ಚುವುದು ಏನೋ ಒಂದು ಒಳಗೆ ಬರಬಾರದೆಂದು. ನಮ್ಮಲ್ಲಿ ಅದು ಚಳಿಯಲ್ಲ, ದೂಳು ಮತ್ತು ಸೊಳ್ಳೆ. ಇದೇ ಸಮಿತಿ ಹೋದ ವರ್ಷ ಎಲ್ಲ ಮನೆಗಳಿಗೂ ಸೊಳ್ಳೆ ಮೆಶ್ ಶಟರ್ ಹಾಕಿಸಿತು. ವಿಶ್ವ ಆರೋಗ್ಯ ಸಂಸ್ಥೆ ಸೊಳ್ಳೆಪರದೆಗೆ ಹೇಳುವ ಕಣ್ಣು ಚದರ ಅಂಗುಲಕ್ಕೆ 156, ಅಂದರೆ ಒಂದೊಂದು ಕಣ್ಣೂ ಎರಡು ಮಿಲಿಮೀಟರಿನ ಒಳಗೇ. ನಮ್ಮ ಮನೆಯಲ್ಲಿ ಆ ಮೆಶ್ ಶಟರಿಗೂ ಗಾಜಿನ ಶಟರಿಗೂ ನಡುವೆ, ಪೈಲ್ ಮಲಗಿಹೋದ ಕಡೆ, 3 ಮಿ.ಮೀ. ಸಂದಿ ಮೇಲಿನಿಂದ ಕೆಳಗಿನವರೆಗೆ ಇದೆ. ಎರಡು ಮಿಲಿಮೀಟರಿಗೂ ಚಿಕ್ಕ ಕಣ್ಣಿಗೆ ಹಣ ಕೊಟ್ಟು, ಪಕ್ಕದಲ್ಲೇ ಅದರ ಒಂದೂವರೆಯಷ್ಟಕ್ಕೂ ಹೆಚ್ಚು ಅಗಲದ, ನಾಲ್ಕಡಿ ಉದ್ದದ ಬಾಗಿಲನ್ನು ತೆರೆದಿಟ್ಟಿದ್ದಾರೆ. ಮೆಶ್ ಬೇಕಿತ್ತು ಎಂದಾದರೆ ಪೈಲ್ ಕೂಡ ಬೇಕು. ಪೈಲ್ ಬೇಡ ಎಂದಾದರೆ ಮೆಶ್ಶಿಗೆ ಹಣ ವಸೂಲಿ ಮಾಡಿದ್ದು ಯಾಕೆ ಎಂದು ಸಮಿತಿ ಹೇಳಬೇಕು.

ಎರಡನೆಯದು: ‘ಒಂದೆರಡು ಮಿಲಿಮೀಟರ್ ಸಂದಿಯಿಂದ ಏನಾಗುತ್ತದೆ?’ ಲೆಕ್ಕ ಹಾಕೋಣ. ಐದಡಿ ಅಗಲ, ನಾಲ್ಕಡಿ ಎತ್ತರದ ಎರಡು ಶಟರಿನ ಕಿಟಕಿಯ ಸುತ್ತಳತೆ 18 ಅಡಿ. ನಡುವೆ ಶಟರುಗಳು ಕೂಡುವ ಇಂಟರ್‌ಲಾಕ್ ಇನ್ನು ನಾಲ್ಕಡಿ. ಒಟ್ಟು 22 ಅಡಿ, 6.7 ಮೀಟರ್. ಅಷ್ಟುದ್ದಕ್ಕೂ ಒಂದೇ ಒಂದು ಮಿಲಿಮೀಟರ್ ಬಿಟ್ಟರೂ 67 ಚದರ ಸೆಂಟಿಮೀಟರ್. ಮನೆಗೆ ಅಂಥ ಆರು ಕಿಟಕಿ ಎಂದರೆ 400. ಗೋಡೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ 20 ಸೆಂಟಿಮೀಟರಿನ ಚೌಕ ತೂತು ಕೊರೆದಂತಾಯಿತು. ಅಂಥ ತೂತನ್ನು ಬಿಟ್ಟುಹೋದ ಮೇಸ್ತ್ರಿಗೆ ಯಾರಾದರೂ ಬಿಲ್ ಪಾವತಿ ಮಾಡುತ್ತಾರೆಯೇ? ರಸ್ತೆ ಕಡೆಯ ಮನೆಯವರು ದಿನಕ್ಕೆ ಎರಡು ಸಲ ಮೇಜು ಒರೆಸುವುದು ಈ ತೂತಿನಿಂದ ಬಂದ ದೂಳನ್ನು.

‘ಇದು ಉಣ್ಣೆ. ಮಳೆಗಾಲದಲ್ಲಿ ನೀರು ಕುಡಿದು ಬೂಷ್ಟು ಹಿಡಿಯುತ್ತದೆ’ ಎಂಬುದು ಮೂರನೆಯದು. ಹಿಂದೆ ಈ ಪಟ್ಟಿಗಳನ್ನು ಉಣ್ಣೆಯಿಂದ, ಅಂಗೋರಾ ಮೇಕೆಯ ಕೂದಲಿನಿಂದ ನೇಯುತ್ತಿದ್ದರು. ಹೆಸರು ಅಲ್ಲಿಂದ ಉಳಿದಿದೆ. ಈಗಿನ ಒಳ್ಳೆಯ ಪೈಲ್ ಪಾಲಿಪ್ರೊಪಿಲೀನ್. ಪ್ಲಾಸ್ಟಿಕ್ ಹಗ್ಗ, ಸಿಮೆಂಟ್ ಚೀಲಗಳ ಜಾತಿಯದು. ಅದು ನೀರನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. ವಸ್ತುವನ್ನು ಕೈಯಲ್ಲಿ ಹಿಡಿದು ನೋಡದೆ, ಹೆಸರಿನ ಮೊದಲ ಪದದ ಮೇಲೆ ಬರೆದ ಆಕ್ಷೇಪವಿದು.

ನಾಲ್ಕನೆಯ ಮಾತು ಗುತ್ತಿಗೆದಾರರದು: ‘ರಬ್ಬರ್ ಹಾಕಿಬಿಡೋಣ, ಪೈಲ್‌ಗಿಂತ ಬಿಗಿ.’ ರಬ್ಬರ್ ಬಿಗಿ ಎಂಬುದು ನಿಜ. ಬಾಗಿಲಿನಂತೆ ತೆರೆದುಕೊಳ್ಳುವ ಕಿಟಕಿಗೆ ನಾನೂ ರಬ್ಬರನ್ನೇ ಹೇಳುತ್ತೇನೆ. ಅಲ್ಲಿ ಕದ ಬಂದು ರಬ್ಬರನ್ನು ನೇರವಾಗಿ ಒತ್ತುತ್ತದೆ, ಅದರ ಮೇಲೆ ಉಜ್ಜಿಕೊಂಡು ಹೋಗುವುದಿಲ್ಲ. ಜಾರುವ ಶಟರಿನಲ್ಲಿ ರಬ್ಬರ್ ಪ್ರತಿ ಸಲವೂ ಉದ್ದಕ್ಕೆ ಉಜ್ಜುತ್ತದೆ, ಹಿಡಿಯುತ್ತದೆ, ಕೊನೆಗೆ ಗ್ರೂವಿನಿಂದ ಎದ್ದು ಟ್ರ್ಯಾಕಿಗೆ ಬೀಳುತ್ತದೆ. ಮೂರನೇ ಮಹಡಿಯ ಎರಡು ಮನೆಗಳಲ್ಲಿ ಇದೇ ಗುತ್ತಿಗೆದಾರರು ರಬ್ಬರ್ ಹಾಕಿದರು. ಅವುಗಳಲ್ಲಿ ಒಂದು ಮನೆಯ ಅಜ್ಜಿಗೆ ಈಗ ಕಿಟಕಿ ಎಳೆಯಲು ಆಗುತ್ತಿಲ್ಲ, ಪಕ್ಕದವರನ್ನು ಕರೆಯುತ್ತಾರೆ. ಅದನ್ನು ಕಂಡೂ ಈ ಸಲಹೆ ಬರೆದದ್ದು ನನಗೆ ನೋವು ತಂದಿದೆ.

ಇನ್ನು ಐದು ಮತ್ತು ಆರನೆಯ ವಾದಗಳನ್ನು ಒಟ್ಟಿಗೇ ತೆಗೆದುಕೊಳ್ಳಬೇಕು, ಯಾಕೆಂದರೆ ಅವು ಒಂದನ್ನೊಂದು ಹೊಡೆದುಹಾಕುತ್ತವೆ. ಐದನೆಯದು, ‘ಹಿಂದೆ ಪೈಲ್ ಬದಲಿಸಿದ ಮನೆಗಳಲ್ಲಿ ಗಾಳಿ ಬರುವುದು ನಿಂತಿಲ್ಲ.’ ಆರನೆಯದು, ‘ಪೈಲ್ ಬದಲಿಸಿದರೆ ಶಟರ್ ಬಿಗಿಯಾಗಿ ಸರಿಯುವುದೇ ಇಲ್ಲ.’ ಸಂದಿಯನ್ನು ಮುಟ್ಟದಷ್ಟು ಗಿಡ್ಡವಾದ ಪಟ್ಟಿ ಶಟರನ್ನು ಬಿಗಿಹಿಡಿಯಲಾರದು, ಬಿಗಿಹಿಡಿಯುವಷ್ಟು ಎತ್ತರದ ಪಟ್ಟಿ ಗಾಳಿಗೆ ದಾರಿ ಬಿಡಲಾರದು. ಎರಡೂ ದೂರು ಒಂದೇ ಕಟ್ಟಡದಿಂದ ಬಂದಿವೆ ಎಂದರೆ ಅರ್ಥ ಒಂದೇ: ಬೇರೆ ಬೇರೆ ಸಂದಿಯ ಕಿಟಕಿಗಳಿಗೆ ಒಂದೇ ರೋಲ್ ಹಾಕಿದ್ದಾರೆ. ಸಮಿತಿಯೇ ಅದನ್ನು ಕೆಳಗೆ ಒಪ್ಪಿಕೊಂಡಿದೆ: ‘ಹಳೆಯ ತುಂಡನ್ನು ಅಂಗಡಿಗೆ ಒಯ್ದು, ಅದಕ್ಕೆ ಹೊಂದುವುದನ್ನೇ ಒಂದು ರೋಲ್ ತರಲಾಗಿದೆ.’

ತಪ್ಪು ಅಲ್ಲೇ ಆಗಿದೆ. ಪೈಲ್‌ಗೆ ಎರಡು ಅಳತೆ. ಒಂದು ತಳದ ಪಟ್ಟಿಯ ಅಗಲ, ಅದು ಗ್ರೂವಿಗೆ ಹೊಂದಬೇಕು. ಇನ್ನೊಂದು ತಳ ಸೇರಿಸಿ ಎಳೆಯ ತುದಿಯವರೆಗಿನ ಎತ್ತರ, ಅದು ಸಂದಿಗೆ ಹೊಂದಬೇಕು. ಅಂಗಡಿಯಲ್ಲಿ 7×6 ಎಂದರೆ 7 ಮಿ.ಮೀ. ಅಗಲ, 6 ಮಿ.ಮೀ. ಎತ್ತರ. ಹಳೆಯ ತುಂಡು ಅಗಲದ ವಿಷಯದಲ್ಲಿ ಸತ್ಯ ಹೇಳುತ್ತದೆ. ಎತ್ತರದ ವಿಷಯದಲ್ಲಿ ಸುಳ್ಳು ಹೇಳುತ್ತದೆ, ಯಾಕೆಂದರೆ ವರ್ಷಗಟ್ಟಲೆ ಒತ್ತಿಸಿಕೊಂಡು ಮಲಗಿರುವ ಎಳೆ ಅದು. ಹೊಸದಿದ್ದಾಗ 6 ಇದ್ದದ್ದು ಈಗ 4 ಎಂದು ಅಳೆಸಿಕೊಳ್ಳುತ್ತದೆ. ಅದಕ್ಕೆ ಹೊಂದುವ ಹೊಸದನ್ನು ತಂದರೆ, ಯಾವ ದೋಷಕ್ಕಾಗಿ ಹಳೆಯದನ್ನು ಕಿತ್ತೆವೋ ಅದೇ ದೋಷವನ್ನು ಹಣ ಕೊಟ್ಟು ಮರಳಿ ತಂದಂತೆ.

ಅಳೆಯುವುದು ಕಷ್ಟವೂ ಅಲ್ಲ. ಶಟರ್ ಮುಚ್ಚಿ, ಡ್ರಿಲ್ ಬಿಟ್‌ಗಳ ಹಿಂಬದಿಯ ಕಡ್ಡಿಯನ್ನು ಸಂದಿಯಲ್ಲಿ ಒಂದೊಂದಾಗಿ ತೂರಿಸಿ ನೋಡಬೇಕು. ಮೂರೂವರೆಯದು ಹೋಗಿ ನಾಲ್ಕರದು ಹೋಗದಿದ್ದರೆ ಸಂದಿ ಮೂರೂವರೆ. ಗ್ರೂವಿನ ಆಳ ಒಂದೂವರೆ ಇದ್ದರೆ ಕೂಡಿಸಿ ಐದು. ಅದಕ್ಕೆ 6 ಮಿ.ಮೀ. ಪೈಲ್ ಹಾಕಿದರೆ ಎಳೆ ಒಂದು ಮಿಲಿಮೀಟರ್ ಬಾಗಿ ಒರಗುತ್ತದೆ, ಮುಚ್ಚುತ್ತದೆ, ಜಾರುವುದಕ್ಕೂ ಬಿಡುತ್ತದೆ. ಎಂಟು ಹಾಕಿದರೆ ಶಟರ್ ನಿಲ್ಲುತ್ತದೆ. ಅದನ್ನು ಬಲವಂತವಾಗಿ ಎಳೆದೆಳೆದು ಎಳೆ ಒಂದು ಕಡೆಗೆ ಮಲಗುತ್ತದೆ. ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ಮೂರರ ನಡುವೆ ಒಂದು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಶಟರ್ ವಾಲಿದೆ, ಮೊದಲು ಬೇರಿಂಗ್ ಬದಲಿಸಬೇಕು. ನಾನು ನಮ್ಮ ಮಹಡಿಯ ಹನ್ನೊಂದು ಕಿಟಕಿಗಳನ್ನು ಒಂದು ಭಾನುವಾರ ಬೆಳಿಗ್ಗೆ ಅಳೆದು ಮುಗಿಸಿದೆ. ಮೂರು ಬಗೆಯ ಸಂದಿ ಸಿಕ್ಕಿತು. ‘ಪೈಲ್ ಎಲ್ಲಾ ಒಂದೇ’ ಎಂದು ಬರೆದವರು ಒಂದು ಕಿಟಕಿಯನ್ನಾದರೂ ಅಳೆದಿದ್ದಾರೆಯೇ ಎಂದು ಕೇಳುತ್ತಿದ್ದೇನೆ.

ಏಳನೆಯದು: ‘ಪೈಲ್ ಇದ್ದರೂ ಮಳೆನೀರು ಬಂತು, ಆದ್ದರಿಂದ ಅದು ದಂಡ.’ ಪೈಲ್ ಅಣೆಕಟ್ಟಲ್ಲ, ಅದನ್ನು ಹಾಗೆಂದು ಮಾರುವವರಿದ್ದರೆ ಅವರದೂ ತಪ್ಪೇ. ಅದು ಗಾಳಿಯ ರಭಸ ಮುರಿಯುತ್ತದೆ, ದೂಳು ತಡೆಯುತ್ತದೆ. ಎಳೆಗಳ ನಡುವೆ ತೆಳುವಾದ ಪ್ಲಾಸ್ಟಿಕ್ ಹಾಳೆ ನಿಲ್ಲಿಸಿದ ಫಿನ್ ಪೈಲ್ ಇನ್ನೂ ಚೆನ್ನಾಗಿ ತಡೆಯುತ್ತದೆ. ಮಳೆ ಬಡಿಯುವ ಪಶ್ಚಿಮದ ಕಿಟಕಿಗಳಿಗೆ ನಾನು ಕೇಳಿದ್ದು ಅದನ್ನೇ. ಆದರೆ ಒಳಬಂದ ನೀರನ್ನು ಹೊರಗೆ ಕಳಿಸುವುದು ಕೆಳ ಟ್ರ್ಯಾಕಿನ ತೂತುಗಳ ಕೆಲಸ. ಏಪ್ರಿಲ್, ಮೇ ತಿಂಗಳ ಬಿರುಮಳೆಯಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ಗಾಜಿನ ಮೇಲೆ ಬೀಳುವ ಒತ್ತಡ ಸುಮಾರು 75 ಪ್ಯಾಸ್ಕಲ್. ಕಿಟಕಿಗಳ ಗಾಳಿ ಸೋರಿಕೆ ಪರೀಕ್ಷೆಗೆ ಸಾಮಾನ್ಯವಾಗಿ ಹಿಡಿಯುವ ಒತ್ತಡವೂ ಅದೇ. ಅಷ್ಟು ಒತ್ತಡ ಟ್ರ್ಯಾಕಿನ ನೀರನ್ನು ಏಳೂವರೆ ಮಿಲಿಮೀಟರಿನಷ್ಟು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ತೂತು ತೆರೆದಿದ್ದರೆ ಗಾಳಿ ತಗ್ಗಿದೊಡನೆ ನೀರು ಹೊರಗೆ ಹೋಗುತ್ತದೆ. ನಮ್ಮ ಕಟ್ಟಡದಲ್ಲಿ ಹೋಗಲಿಲ್ಲ. ಪೇಂಟಿಂಗ್ ಸಮಯದಲ್ಲಿ ಆ ತೂತುಗಳನ್ನೆಲ್ಲ ‘ಇರುವೆ ಬರುತ್ತವೆ’ ಎಂದು ಸಿಲಿಕೋನ್ ಹಾಕಿ ಮುಚ್ಚಿಸಿದ್ದು ಇದೇ ಸಮಿತಿ, ನಡಾವಳಿ ಪುಸ್ತಕದಲ್ಲಿ ಬರೆದೂ ಇದೆ. ಚರಂಡಿಗೆ ಬೆಣೆ ಹೊಡೆದವರು ನೀರು ನಿಂತದ್ದಕ್ಕೆ ಬ್ರಷ್ಷನ್ನು ದೂರುತ್ತಿದ್ದಾರೆ.

ಕೊನೆಯದು ಖರೀದಿಯ ಮಾತು: ‘ಅಗ್ಗದ್ದೂ ದುಬಾರಿಯದೂ ಒಂದೇ, ಹೆಸರಿಗೆ ಹಣ ಕೊಡಬೇಕಾಗುತ್ತದೆ.’ ಹೆಸರಿಗೆ ಹಣ ಕೊಡಿ ಎಂದು ನನ್ನ ಅರ್ಜಿಯಲ್ಲಿ ಎಲ್ಲಿಯೂ ಇಲ್ಲ, ಪರೀಕ್ಷೆ ಮಾಡಿ ಕೊಳ್ಳಿ ಎಂದಿದೆ. ಎಸ್.ಜೆ.ಪಿ. ರಸ್ತೆಯ ಎರಡು ಅಂಗಡಿಗಳಿಂದ ಒಂದೊಂದು ಮೀಟರ್ ತಂದಿಟ್ಟುಕೊಂಡಿದ್ದೇನೆ. ಒಂದರ ಮೇಲೆ ನೀರಿನ ಹನಿ ಬಿಟ್ಟರೆ ಕೆಸುವಿನ ಎಲೆಯ ಮೇಲಿನ ಹಾಗೆ ಉರುಳುತ್ತದೆ, ಅದರ ಎಳೆಗೆ ಸಿಲಿಕೋನ್ ಲೇಪವಿದೆ. ಇನ್ನೊಂದರಲ್ಲಿ ಹನಿ ಇಂಗಿಹೋಗುತ್ತದೆ. ಒಂದನ್ನು ಬೆನ್ನ ಕಡೆಗೆ ಬಗ್ಗಿಸಿದರೆ ಎಳೆಗಳು ಒತ್ತಾಗಿಯೇ ನಿಲ್ಲುತ್ತವೆ. ಇನ್ನೊಂದರಲ್ಲಿ ತಳ ಕಾಣುತ್ತದೆ, ಉಗುರಿನಲ್ಲಿ ಎಳೆದರೆ ಕುಚ್ಚು ಕೈಗೆ ಬರುತ್ತದೆ. ಬಿಸಿಲಿನ ರಕ್ಷಣೆ ಬೆರೆಸದ ಪಾಲಿಪ್ರೊಪಿಲೀನ್ ಬಿಸಿಲಿಗೆ ಪುಡಿಯಾಗುತ್ತದೆ. ನಮ್ಮ ದಕ್ಷಿಣದ ಕಿಟಕಿಗಳ ಹಳೆಯ ಪೈಲ್ ಬೆರಳಲ್ಲಿ ಉಜ್ಜಿದರೆ ಬೂದಿಯಂತೆ ಉದುರುವುದು ಅದಕ್ಕೇ. ಇವೆರಡೂ ಒಂದೇ ಎನ್ನುವವರು ಅಗ್ಗದ್ದನ್ನು ಒಂದು ಸಲ ಹಾಕಿಸಿ ಮತ್ತೆ ಕೆಲವೇ ವರ್ಷಕ್ಕೆ ಶಟರುಗಳನ್ನೆಲ್ಲ ಕಳಚಿಸಬೇಕಾಗುತ್ತದೆ. ಕಳಚಿ ಕೂರಿಸುವ ಕೂಲಿಯ ಮುಂದೆ ಪಟ್ಟಿಯ ಬೆಲೆ ಸಣ್ಣದು. ಆ ಕೂಲಿಯ ಮಾತು ಸಮಿತಿಯ ಎರಡು ಪುಟಗಳಲ್ಲಿ ಒಂದು ಸಾಲಿನಷ್ಟೂ ಇಲ್ಲ.

ಮೂರು ಬಗೆಯ ಸಂದಿಗೆ ಮೂರು ಎತ್ತರದ ಪೈಲ್, ಪೆಟ್ಟಿಗೆಯಲ್ಲಿ ಮಲಗದೆ ಬಂದ ಪೂರ್ತಿ ರೋಲುಗಳು, ಪಶ್ಚಿಮಕ್ಕೆ ಫಿನ್ ಇರುವುದು, ಕೂರಿಸುವಾಗ ಎಳೆದು ಹಿಗ್ಗಿಸದೆ ಒಂದಿಷ್ಟು ಉದ್ದ ಬಿಟ್ಟು ಕತ್ತರಿಸುವುದು, ತುದಿಯಲ್ಲಿ ಗ್ರೂವಿನ ತುಟಿ ಒತ್ತಿ ಜಾರದಂತೆ ಮಾಡುವುದು, ಟ್ರ್ಯಾಕಿನ ತೂತುಗಳ ಸಿಲಿಕೋನ್ ಕೆರೆದು ತೆಗೆಯುವುದು: ನಾನು ಕೇಳಿದ್ದು ಇಷ್ಟು. ಹನ್ನೊಂದು ಕಿಟಕಿಗಳ ಅಳತೆಯ ಹಾಳೆಯನ್ನು ಸಮಿತಿಯ ಪುಟಗಳ ಪಕ್ಕದಲ್ಲೇ ಅಂಟಿಸಿದ್ದೇನೆ. ಎರಡು ತುಂಡು ಪೈಲ್ ಮತ್ತು ಒಂದು ಲೋಟ ನೀರನ್ನು ಮುಂದಿನ ಸಭೆಗೆ ತರುತ್ತೇನೆ. ‘ಎರಡೂ ಒಂದೇ’ ಎಂದು ಬರೆದವರೇ ಎಲ್ಲರ ಎದುರಿಗೆ ಹನಿ ಬಿಡಲಿ.