ವನವಾಸ ಮುಗಿದ ಮೇಲಿನ ಹನ್ನೆರಡು ವರ್ಷ

ದೇಶ ಬಿಟ್ಟು ಹೋಗಬೇಕಾಗಿ ಬಂದ ನಾಯಕನ ಕಥೆಯನ್ನು ನಾವು ರಾಮಾಯಣದ ಅಚ್ಚಿನಲ್ಲೇ ಓದಿಕೊಳ್ಳುತ್ತೇವೆ: ವನವಾಸ ಮುಗಿಯಿತು, ಪಟ್ಟಾಭಿಷೇಕವಾಯಿತು. ಪಟ್ಟವೆಂದರೆ ಪಟ್ಟ ಪಾಡಿಗೆ ಸಂದ ಕೂಲಿ. ದಕ್ಷಿಣ ಕೊರಿಯಾದ ಅಧ್ಯಕ್ಷರಾಗಿದ್ದ ಕಿಮ್ ಡೇ ಜುಂಗ್ ಅವರ ಬದುಕನ್ನೂ ಹಾಗೆ ಹೇಳುವವರೇ ಹೆಚ್ಚು. ಅದಕ್ಕೆ ಬೇಕಾದ ಸಾಮಗ್ರಿಯೂ ಧಾರಾಳವಾಗಿದೆ. 1971ರಲ್ಲಿ ಅಧ್ಯಕ್ಷ ಪಾರ್ಕ್ ಚುಂಗ್ ಹೀ ಎದುರು ನಿಂತು ಶೇ 45ರಷ್ಟು ಮತ ಪಡೆದರು. ಮರುವರ್ಷ ಅವರು ಜಪಾನಿನಲ್ಲಿದ್ದಾಗ ಪಾರ್ಕ್ ಸೇನಾಡಳಿತ ಹೇರಿದ್ದರಿಂದ ಮನೆಗೆ ಮರಳುವ ದಾರಿ ಮುಚ್ಚಿತು. 1973ರ ಆಗಸ್ಟ್‌ನಲ್ಲಿ ಕೊರಿಯಾದ ಬೇಹುಗಾರಿಕೆ ಸಂಸ್ಥೆಯವರು ಟೋಕಿಯೊದ ಹೋಟೆಲಿನಿಂದಲೇ ಅವರನ್ನು ಹೊತ್ತೊಯ್ದು, ಐದು ದಿನಗಳ ಬಳಿಕ ಸೋಲ್‌ನ ಮನೆಯ ಹತ್ತಿರ ಬಿಟ್ಟುಹೋದರು. 1980ರಲ್ಲಿ ಸೇನಾ ನಾಯಕ ಚುನ್ ಡೂ ಹ್ವಾನ್ ಆಳ್ವಿಕೆಯು ಗ್ವಾಂಗ್ಜು ನಗರದ ಬಂಡಾಯದ ಹೊಣೆ ಹೊರಿಸಿ ಮರಣದಂಡನೆ ಕೊಡಿಸಿತು. ಮುಂದೆ ಶಿಕ್ಷೆ ಇಳಿಸಿ, 1982ರ ಕೊನೆಗೆ ಚಿಕಿತ್ಸೆಯ ಹೆಸರಿನಲ್ಲಿ ಅಮೆರಿಕಕ್ಕೆ ಸಾಗಹಾಕಿತು. 1985ರ ಫೆಬ್ರುವರಿಯಲ್ಲಿ ಮರಳುವಾಗ ಅವರ ಜೊತೆಗೆ ಅಮೆರಿಕದ ಸಂಸದರಿದ್ದರು. ಇದು ಅಬ್ಬರಕ್ಕಲ್ಲ, ಜೀವಭಯಕ್ಕೆ: ಒಂದೂವರೆ ವರ್ಷದ ಹಿಂದಷ್ಟೇ ಫಿಲಿಪ್ಪೀನ್ಸ್‌ನ ವಿರೋಧ ಪಕ್ಷದ ನಾಯಕ ಬೆನಿಗ್ನೊ ಅಕಿನೊ ಹೀಗೆಯೇ ಮರಳಿ, ಮನಿಲಾ ವಿಮಾನ ನಿಲ್ದಾಣದಲ್ಲಿ ಗುಂಡಿಗೆ ಬಲಿಯಾಗಿದ್ದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಪಟ್ಟಕ್ಕೆ ಇನ್ನೂ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. 1987ರ ಅಧ್ಯಕ್ಷ ಚುನಾವಣೆಯಲ್ಲಿ ಅವರೂ ವಿರೋಧ ಪಾಳಯದ ಇನ್ನೊಬ್ಬ ನಾಯಕ ಕಿಮ್ ಯಂಗ್ ಸ್ಯಾಮ್ ಅವರೂ ಒಬ್ಬರಿಗೊಬ್ಬರು ದಾರಿ ಬಿಡಲಿಲ್ಲ. ವಿರೋಧಿ ಮತ ಒಡೆದು, ಚುನ್ ಅವರ ಗೆಳೆಯ ರೋ ಟೇ ವೂ ಶೇ 37ಕ್ಕೂ ಕಡಿಮೆ ಮತದಲ್ಲಿ ಗೆದ್ದರು. 1992ರಲ್ಲಿ ಮತ್ತೆ ಸೋಲು, ನಿವೃತ್ತಿಯ ಘೋಷಣೆ. ಜೈಲು, ಅಪಹರಣ, ಗಲ್ಲಿನ ತೀರ್ಪು, ಇವೆಲ್ಲ ಗೌರವ ತಂದವು. ತವರು ಚೊಲ್ಲಾ ಪ್ರಾಂತ್ಯದಾಚೆ ಗೆಲ್ಲುವಷ್ಟು ಮತ ತರಲಿಲ್ಲ. 1997ರಲ್ಲಿ ಗೆಲ್ಲಿಸಿದ್ದು ಅಂದಿನ ಆರ್ಥಿಕ ಕುಸಿತ, ಜೊತೆಗೆ ಕಿಮ್ ಜಾಂಗ್ ಪಿಲ್ ಅವರೊಡನೆ ಮಾಡಿಕೊಂಡ ಮೈತ್ರಿ. ಅವರನ್ನು ಹೊತ್ತೊಯ್ದ ಅದೇ ಬೇಹುಗಾರಿಕೆ ಸಂಸ್ಥೆಯನ್ನು ಕಟ್ಟಿದವರು, ಟೋಕಿಯೊ ಅಪಹರಣದ ವೇಳೆ ಪ್ರಧಾನಿಯಾಗಿದ್ದವರು ಈ ಜಾಂಗ್ ಪಿಲ್!

ಈ ಮೈತ್ರಿ ಶುದ್ಧ ಅವಕಾಶವಾದ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕಿಮ್ ಡೇ ಜುಂಗ್ ಅವರ ಕಾಲದಲ್ಲೂ ಆ ಸಂಸ್ಥೆಯ ಕದ್ದಾಲಿಕೆ ನಿಲ್ಲಲಿಲ್ಲ. ಅವರು ನೇಮಿಸಿದ ಇಬ್ಬರು ಮುಖ್ಯಸ್ಥರು ಮುಂದೆ ಅದಕ್ಕಾಗಿಯೇ ಶಿಕ್ಷೆಗೊಳಗಾದರು. ರಾಷ್ಟ್ರೀಯ ಭದ್ರತಾ ಕಾಯ್ದೆಯೂ ಅಳಿಯಲಿಲ್ಲ. ನೋವುಂಡವನು ಅಧಿಕಾರವನ್ನು ತಾನಾಗಿಯೇ ತಿದ್ದುತ್ತಾನೆಂಬ ನಂಬಿಕೆಗೆ ಇಲ್ಲಿ ಆಧಾರವಿಲ್ಲ. ಆದರೂ ಮೈತ್ರಿಯನ್ನು ಬರೀ ಕುರ್ಚಿಯಾಸೆಯೆನ್ನಲು ನನಗೆ ಮನಸ್ಸೊಪ್ಪದು. ಹಗೆಯವರೊಡನೆ ಪಾಲು ಹಂಚಿಕೊಂಡದ್ದರಿಂದಲೇ ಕೊರಿಯಾದಲ್ಲಿ ಮೊದಲ ಬಾರಿಗೆ ಅಧಿಕಾರ ಚುನಾವಣೆಯ ಮೂಲಕ ವಿರೋಧ ಪಕ್ಷಕ್ಕೆ ಶಾಂತವಾಗಿ ಹಸ್ತಾಂತರವಾಯಿತು. ತಮಗೆ ಮರಣದಂಡನೆ ಕೊಡಿಸಿದ ಚುನ್‌ಗೆ ಕ್ಷಮಾದಾನ ನೀಡಲೂ ಅವರು ಒಪ್ಪಿದರು. ಅವರ ಆಳ್ವಿಕೆಯಲ್ಲಿ ಯಾರನ್ನೂ ಗಲ್ಲಿಗೇರಿಸಲಿಲ್ಲ: ಆ ದೇಶದಲ್ಲಿ ಕೊನೆಯ ಬಾರಿ ಗಲ್ಲಿಗೇರಿಸಿದ್ದು 1997ರ ಡಿಸೆಂಬರ್ 30ರಂದು, 23 ಮಂದಿಯನ್ನು. ಕಿಮ್ ಗೆದ್ದು ಆಗ ಹನ್ನೆರಡು ದಿನವಾಗಿತ್ತು. ಅಧಿಕಾರ ಇನ್ನೂ ಅವರ ಕೈಗೆ ಬಂದಿರಲಿಲ್ಲ.