ಸುತ್ತಾಟಕ್ಕೆ ಕಾರು ಬೇಡ, ದಾರಿ ಬೇಕು

‘ಭಾನುವಾರ ಊರಾಚೆ ಎಲ್ಲಾದರೂ ಹೋಗಿ ಬರೋಣ’ ಎಂದರೆ ನಮ್ಮ ಹಾಸ್ಟೆಲ್‌ನಲ್ಲಿ ಏಳುವ ಮೊದಲ ಪ್ರಶ್ನೆ ‘ಯಾರ ಹತ್ತಿರ ಬೈಕ್ ಇದೆ?’ ಎರಡನೆಯದು ‘ತಲೆಗೆ ಎಷ್ಟು ಬೀಳುತ್ತೆ?’ ಮೂರನೆಯದು ಮನೆಯವರದು: ‘ಕೆಲಸ ಸಿಕ್ಕ ಮೇಲೆ ತಿರುಗಾಡಿದರೆ ಆಗದೇ?’ ಹೀಗೆ ಬೈಕ್ ಇಲ್ಲದವರು, ಕಾಸಿಲ್ಲದವರು, ಕೆಲಸವಿಲ್ಲದವರು ಒಬ್ಬೊಬ್ಬರಾಗಿ ಪಟ್ಟಿಯಿಂದ ಹೊರಬೀಳುತ್ತಾರೆ. ಉಳಿದವರು ಹೋಗಿ ಬಂದು ಸ್ಟೇಟಸ್ ಹಾಕುತ್ತಾರೆ.

ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಒಂದು ಸೆಮಿಸ್ಟರ್‌ ನಾರ್ವೆಯ ರಾಜಧಾನಿ ಓಸ್ಲೊದಲ್ಲಿದ್ದು ಬಂದ ಮೇಲೆ ಈ ಮೂರೂ ಪ್ರಶ್ನೆಗಳು ನನಗೆ ವಿಚಿತ್ರವಾಗಿ ಕಾಣುತ್ತಿವೆ. ಅಲ್ಲಿನ ಮೆಟ್ರೊದ ಐದನೇ ಮಾರ್ಗ ಊರಿನ ನಡುವಿನಿಂದ ಹೊರಟು ಸೊಂಗ್ಸ್‌ವಾನ್ ಎಂಬ ಸರೋವರದ ಪಕ್ಕ ಕೊನೆಯಾಗುತ್ತದೆ. ಅದಕ್ಕಿಂತ ಒಂದು ನಿಲ್ದಾಣ ಮೊದಲು ಕ್ರಿಂಗ್‌ಶೊ ಎಂಬ ದೊಡ್ಡ ವಿದ್ಯಾರ್ಥಿ ವಸತಿ ಸಮುಚ್ಚಯವಿದೆ. ರೈಲಿಳಿದು ಕೆಲವೇ ನಿಮಿಷ ನಡೆದರೆ ನೀರು, ಅದರ ಹಿಂದೆ ಕಾಡು. ಟಿಕೆಟ್ ಕೂಡ ಕಾಲೇಜಿಗೆ ಹೋಗುವ ಅದೇ ಮಾಮೂಲಿ ಪಾಸ್.

ಸರೋವರವನ್ನು ಒಂದು ಸುತ್ತು ಹಾಕಿದರೆ ಸುಮಾರು 3.3 ಕಿ.ಮೀ. ಇನ್ನೂ ಹುಮ್ಮಸ್ಸಿದ್ದವರು ಒಂದನೇ ಮಾರ್ಗದ ರೈಲು ಹಿಡಿದು ಗುಡ್ಡದ ಮೇಲಿನ ಫ್ರೊಗ್ನೆರ್‌ಸೇತರೆನ್‌ವರೆಗೆ ಹೋಗಿ, ಅಲ್ಲಿಂದ ಉಲ್ಲೆವೊಲ್‌ಸೇತರ್ ಎಂಬ ಕಾಡಿನ ಮನೆಯ ಮೂಲಕ ಸೊಂಗ್ಸ್‌ವಾನ್‌ಗೆ ಇಳಿಯುತ್ತಾರೆ. ಹೆಚ್ಚುಕಡಿಮೆ 11 ಕಿ.ಮೀ. ಗೈಡ್ ಬೇಡ, ಬುಕಿಂಗ್ ಬೇಡ. ಮರಗಳ ಮೇಲೆ ನೀಲಿ ಬಣ್ಣದ ಗುರುತು ಕಂಡರೆ ನಡೆಯುವ ದಾರಿ, ಕೆಂಪು ಕಂಡರೆ ಚಳಿಗಾಲದ ಸ್ಕೀ ದಾರಿ. ದುಬಾರಿ ಊರಿನಲ್ಲಿ ಕಾಫಿ ಕುಡಿಯಲೂ ಲೆಕ್ಕ ಹಾಕುತ್ತಿದ್ದ ನಮ್ಮಂಥವರಿಗೆ ಇದು ದೊಡ್ಡ ಆಸರೆ. ಬುತ್ತಿ ಕಟ್ಟಿಕೊಂಡು ಹೋಗುವುದು ಅಲ್ಲಿ ಎಲ್ಲರ ರೂಢಿಯಾದ್ದರಿಂದ ನಮ್ಮ ಚಪಾತಿ–ಉಪ್ಪಿನಕಾಯಿ ಡಬ್ಬಿಯನ್ನು ಯಾರೂ ತಿರುಗಿ ನೋಡಲಿಲ್ಲ. ಮೆಟ್ರೊದಲ್ಲಿ ಮುಖ ಕೊಟ್ಟು ಮಾತಾಡದ ಜನ ಕಾಡಿನ ದಾರಿಯಲ್ಲಿ ‘ಹಾಯ್’ ಅನ್ನುತ್ತಿದ್ದರು. ಹಗಲು ಆರು ತಾಸಿಗೆ ಕುಗ್ಗುವ ಡಿಸೆಂಬರ್‌ನಲ್ಲಿ, ಮನೆಯ ನೆನಪು ಕಾಡುವಾಗ, ಆ ಒಂದು ‘ಹಾಯ್’ನ ಬೆಲೆ ಏನೆಂದು ಒಂಟಿಯಾಗಿ ಇದ್ದವರಿಗೇ ಗೊತ್ತು.

ವಾಪಸ್ ಬಂದು ಇದನ್ನೆಲ್ಲ ಹೇಳಿದರೆ ಗೆಳೆಯರ ಉತ್ತರ ಸಿದ್ಧವಾಗಿತ್ತು: ‘ಅವರು ಶ್ರೀಮಂತರು ಬಿಡಪ್ಪ, ತೈಲ ಇದೆ.’ ನನ್ನ ತಕರಾರು ಇರುವುದೇ ಇಲ್ಲಿ. ನಾರ್ವೆಯ ಸಮುದ್ರದಲ್ಲಿ ದೊಡ್ಡ ತೈಲ ನಿಕ್ಷೇಪ ಸಿಕ್ಕಿದ್ದು 1969ರಲ್ಲಿ. ಗುಡ್ಡದ ಕಡೆಗೆ ಮೊದಲ ರೈಲು ಓಡಿದ್ದು 1898ರಲ್ಲಿ. ಅದನ್ನು ಇನ್ನೂ ಮೇಲಕ್ಕೆ, ಕಾಡಿನೊಳಕ್ಕೆ ಎಳೆದದ್ದು 1916ರಲ್ಲಿ. ದಾರಿಗಳಿಗೆ ಗುರುತು ಹಾಕುವ ಚಾರಣ ಸಂಘ ಹುಟ್ಟಿದ್ದು 1868ರಲ್ಲಿ; ಆ ಕೆಲಸದಲ್ಲಿ ಇಂದಿಗೂ ಸ್ವಯಂಸೇವಕರ ಪಾಲು ದೊಡ್ಡದು. ಬೇಸಾಯವಿಲ್ಲದ ಕಾಡು–ಗುಡ್ಡಗಳಲ್ಲಿ, ಭೂಮಿ ಯಾರದೇ ಆಗಿರಲಿ, ಕಾಲ್ನಡಿಗೆಯಲ್ಲಿ ಓಡಾಡುವ ಹಕ್ಕು ಎಲ್ಲರಿಗೂ ಉಂಟು ಎಂದು ಕಾಯ್ದೆ ಬರೆದದ್ದು 1957ರಲ್ಲಿ. ಇದೆಲ್ಲ ಆದದ್ದು ತೈಲದ ದುಡ್ಡು ಬರುವುದಕ್ಕೆ ಮೊದಲೇ.

ಓಸ್ಲೊದ ಉತ್ತರಕ್ಕಿರುವ ಈ ಕಾಡಿನ ದೊಡ್ಡ ಭಾಗ ಇಂದಿಗೂ ಖಾಸಗಿ ಒಡೆತನದಲ್ಲಿದೆ. ಮರ ಕಡಿಯುವ ಹಕ್ಕು ಒಡೆಯನದು, ನಡೆಯುವ ಹಕ್ಕು ಎಲ್ಲರದು. ಹಕ್ಕಿನ ಜೊತೆ ಕಟ್ಟುಪಾಡೂ ಇದೆ. ಮನೆಗಳಿಂದ 150 ಮೀಟರ್ ಒಳಗೆ ಟೆಂಟ್ ಹಾಕುವಂತಿಲ್ಲ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲಿ ಬೆಂಕಿ ಹಚ್ಚುವಂತಿಲ್ಲ. ಬೆಳೆ ನಿಂತ ಹೊಲಕ್ಕೆ ಕಾಲಿಡುವಂತಿಲ್ಲ.

ಇದೆಲ್ಲ ತಾನಾಗಿ ಉಳಿದದ್ದೂ ಅಲ್ಲ. 1946ರಲ್ಲಿ ಈ ಕಾಡಿನ ಮೂಲಕ ಹೈಟೆನ್ಶನ್ ವಿದ್ಯುತ್ ಮಾರ್ಗ ಎಳೆಯುವ ಯೋಜನೆ ಬಂದಾಗ ಸಾವಿರಾರು ಜನ ಓಸ್ಲೊ ಪುರಭವನದ ಎದುರು ಸೇರಿ ಪ್ರತಿಭಟಿಸಿದರು. ಎಲೆಕ್ಟ್ರಿಕಲ್ ಓದುವ ನನಗೆ ಇದು ನಾಟಿತು. ಎರಡು ಬಿಂದುಗಳ ನಡುವೆ ಅತಿ ಕಡಿಮೆ ದೂರದ ಗೆರೆ ಎಳೆಯುವುದನ್ನು ನಮಗೆ ಕಲಿಸುತ್ತಾರೆ. ಆ ಗೆರೆ ಯಾರ ಭಾನುವಾರದ ಮೇಲೆ ಹಾದುಹೋಗುತ್ತದೆ ಎಂಬುದು ಸಿಲೆಬಸ್‌ನಲ್ಲಿಲ್ಲ. ಮನೆಗಳಿಗೆ ಜಾಗ ಬೇಕೆಂಬ ಒತ್ತಡ ಅಲ್ಲಿಯೂ ಇದೆ. ಆದರೂ 2009ರಲ್ಲಿ ನಗರ ಸುತ್ತಲಿನ ಕಾಡಿಗೆ ಕಾನೂನಿನಲ್ಲೇ ಗಡಿ ಹಾಕಿ, ಅದರೊಳಗೆ ಕಟ್ಟಡ ಕಟ್ಟುವುದನ್ನು ನಿರ್ಬಂಧಿಸಿದರು.

ನಾರ್ವೆಯನ್ನು ಇಲ್ಲಿಗೆ ಹಾಗೇ ತಂದಿಡಲು ಆಗುವುದಿಲ್ಲ, ನಿಜ. ಓಸ್ಲೊ ಜನಸಂಖ್ಯೆ ಸುಮಾರು ಏಳು ಲಕ್ಷ. ಬೆಂಗಳೂರಿನದು ಕೋಟಿ ದಾಟಿದೆ. ನಮ್ಮ ಕಾಡುಗಳಲ್ಲಿ ಆನೆ, ಚಿರತೆಗಳಿವೆ. ಎಲ್ಲ ಕಾಡನ್ನೂ ಎಲ್ಲರಿಗೂ ತೆರೆಯುವುದು ಅವುಗಳಿಗೂ ನಮಗೂ ಒಳ್ಳೆಯದಲ್ಲ. ಆದರೆ ಊರಾಚೆಯ ಸುತ್ತಾಟಕ್ಕೆ ದಟ್ಟ ಕಾಡೇ ಬೇಕೆಂದಿಲ್ಲ. ಕೆರೆ ಏರಿ, ಮಾವಿನ ತೋಪು, ಬಂಡೆಗುಡ್ಡ, ರಾಗಿ ಹೊಲದ ಬದಿ ಸಾಕು. ಅಲ್ಲಿಗೆ ದಾರಿಗಳೂ ಇವೆ. ನಮ್ಮ ಗ್ರಾಮ ನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿದ್ದಾರೆ. ‘ನಕಾಶೆ ಕಂಡ ದಾರಿ’ ಎಂಬ ಮಾತನ್ನು ಹಳ್ಳಿಯ ಹಿರಿಯರು ಇಂದಿಗೂ ಬಳಸುತ್ತಾರೆ. ಹೊಲ ಯಾರದೇ ಇರಲಿ, ನಕಾಶೆಯ ದಾರಿಯಲ್ಲಿ ನಡೆಯುವವರನ್ನು ತಡೆಯಬಾರದು ಎಂಬ ತಿಳಿವಳಿಕೆ ನಮಗೆ ಹೊಸದೇನಲ್ಲ. ಹೊಸದು ಬೇಲಿ, ಲೇಔಟ್ ಗೇಟು ಮತ್ತು ವಾಚ್‌ಮನ್.

ಹಾಗಾಗಿ ನನ್ನ ಬೇಡಿಕೆ ದೊಡ್ಡದಲ್ಲ. ಮೆಟ್ರೊ ಮತ್ತು ಸಿಟಿ ಬಸ್ಸಿನ ಕೊನೆಯ ನಿಲ್ದಾಣಗಳಿಂದ ಹತ್ತಿರದ ಕೆರೆಗೋ ಗುಡ್ಡಕ್ಕೋ ಹೋಗುವ ನಕಾಶೆ ದಾರಿ ಒತ್ತುವರಿಯಾಗದಂತೆ ಉಳಿಯಲಿ. ಅದಕ್ಕೊಂದು ಗುರುತು ಬೀಳಲಿ. ಗುರುತು ಹಾಕುವ ಕೆಲಸವನ್ನು ಕಾಲೇಜಿನ ಎನ್ಎಸ್ಎಸ್ ಘಟಕಗಳೇ ಮಾಡಬಹುದು. ಬೇಕಾಗುವುದು ಗ್ರಾಮ ಪಂಚಾಯಿತಿಯ ಒಪ್ಪಿಗೆ, ಒಂದು ಡಬ್ಬ ಬಣ್ಣ ಮತ್ತು ಗ್ರಾಮ ನಕ್ಷೆಯ ಪ್ರತಿ. ಹೋದವರು ಪ್ಲಾಸ್ಟಿಕ್ ಎಸೆಯದೆ, ಬೆಳೆ ತುಳಿಯದೆ ಬಂದರೆ ಹಳ್ಳಿಯವರೂ ನಮ್ಮನ್ನು ಸಹಿಸಿಕೊಂಡಾರು.

ಇನ್ನು ಮನೆಯವರ ಪ್ರಶ್ನೆ. ಸುತ್ತಾಟ ಕೆಲಸ ಸಿಕ್ಕವರಿಗೆ ಕೊಡುವ ಬಹುಮಾನವಲ್ಲ. ಐದು ಕಂಪನಿಗಳ ಇಂಟರ್‌ವ್ಯೂ ಮುಗಿಸಿ ಬರಿಗೈಲಿ ರೂಮಿಗೆ ಬಂದವರಿಗೇ ಅದು ಹೆಚ್ಚು ಬೇಕು. ಅಂಥವರು ಇಪ್ಪತ್ತು ರೂಪಾಯಿ ಟಿಕೆಟ್ ತೆಗೆದುಕೊಂಡು, ಯಾರ ಬೈಕಿಗೂ ಕಾಯದೆ, ನಾಲ್ಕು ತಾಸು ಹಸಿರಿನ ನಡುವೆ ನಡೆದು ಬರುವಂತಿರಬೇಕು. ನಾಳೆ ರಸ್ತೆ, ರೈಲು, ಲೇಔಟ್‌ಗಳ ನಕ್ಷೆ ಬರೆಯುವವರು ನಾವೇ. ಅಷ್ಟು ಜಾಗವನ್ನು ಅದರಲ್ಲಿ ಬಿಡೋಣ.