ಸೀಟು ಸಿಕ್ಕ ಮೇಲೆ ರ‍್ಯಾಕೆಟ್ ಅಟ್ಟಕ್ಕೇಕೆ?

ಕ್ರೀಡಾ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ಪಡೆದ ಟೆನಿಸ್ ಆಟಗಾರರಲ್ಲಿ ಎಷ್ಟು ಮಂದಿ ಮೂರನೇ ಸೆಮಿಸ್ಟರ್‌ನಲ್ಲೂ ಪಂದ್ಯ ಆಡುತ್ತಿರುತ್ತಾರೆ? ಈ ಲೆಕ್ಕವನ್ನು ಯಾರಾದರೂ ಕೇಳಿದ್ದನ್ನು ನಾನು ಕಂಡಿಲ್ಲ. ಸಿಇಟಿ ಹೊತ್ತಿಗೆ ರಾಷ್ಟ್ರಮಟ್ಟದ ಪ್ರಮಾಣಪತ್ರಕ್ಕೆ ಎಲ್ಲಿಲ್ಲದ ಬೆಲೆ. ತರಗತಿ ಶುರುವಾದ ಮೇಲೆ ಅದೇ ಆಟ ಹಾಜರಾತಿ ತಿನ್ನುವ ಪಿಡುಗು. ಹುಡುಗನ ಆಟವನ್ನು ನೋಡಿ ಸೀಟು ಕೊಟ್ಟು, ಆಡಲು ಮಾತ್ರ ಬಿಡದ ಈ ವ್ಯವಸ್ಥೆಯನ್ನು ಕ್ರೀಡಾ ಪ್ರೋತ್ಸಾಹ ಎಂದು ಕರೆಯುವುದು ಸುಳ್ಳು.

ಟೆನಿಸ್‌ನಲ್ಲಿ ಈ ಗಾಯ ಇನ್ನೂ ಆಳ. 12, 14, 16, 18 ವರ್ಷದೊಳಗಿನವರಿಗೆ ಅಖಿಲ ಭಾರತ ಟೆನಿಸ್ ಸಂಸ್ಥೆಯ ಟೂರ್ನಿಗಳಿವೆ, ರ‍್ಯಾಂಕಿಂಗ್ ಇದೆ. ಅಪ್ಪ ಅಮ್ಮ ರಜೆ ಹಾಕಿ, ರೈಲು ಹತ್ತಿಸಿ, ಊರೂರು ಸುತ್ತಿಸುತ್ತಾರೆ. ಹದಿನೆಂಟು ತುಂಬುತ್ತಿದ್ದಂತೆ ಮುಂದೆ ಉಳಿಯುವುದು ಕೈಯಿಂದ ದುಡ್ಡು ಹಾಕಿ ವೃತ್ತಿಪರ ಟೂರ್ನಿಗಳಿಗೆ ಅಲೆಯುವುದು, ಇಲ್ಲವೇ ನಿಲ್ಲಿಸುವುದು. ಕಾಲೇಜಿನಲ್ಲಿ ಸಿಗುವುದಾದರೂ ಏನು? ಅಂತರ ಕಾಲೇಜು ಟೂರ್ನಿ, ವಿಶ್ವವಿದ್ಯಾಲಯ ತಂಡದ ಆಯ್ಕೆ, ಆಮೇಲೆ ದಕ್ಷಿಣ ವಲಯ ಅಂತರ ವಿಶ್ವವಿದ್ಯಾಲಯ ಸ್ಪರ್ಧೆ. ಮೊದಲ ಸುತ್ತಿನಲ್ಲೇ ಸೋತರೆ ಆ ವರ್ಷದ ಕಾಲೇಜು ಟೆನಿಸ್ ಮುಗಿದಂತೆಯೇ. 30-40ರಲ್ಲಿ ಎರಡನೇ ಸರ್ವ್ ಹಾಕುವ ಧೈರ್ಯ ವರ್ಷಕ್ಕೆ ನಾಲ್ಕಾರು ಪಂದ್ಯಗಳಿಂದ ಬರುವುದಿಲ್ಲ. ಅದಕ್ಕೆ ವಾರವಾರವೂ ಎದುರಾಳಿ ಬೇಕು.

ಹಾಜರಾತಿಯ ಗೋಡೆ ಬೇರೆ. ವಿಟಿಯುನಲ್ಲಿ ಶೇ 85, ಹೆಚ್ಚಿನ ಪದವಿ ಕಾಲೇಜುಗಳಲ್ಲಿ ಶೇ 75 ಹಾಜರಾತಿ ಬೇಕು. ಕ್ರೀಡೆಗೆ ರಿಯಾಯಿತಿ ಇದೆ, ನಿಜ. ಅದನ್ನು ಪಡೆಯಲು ದೈಹಿಕ ಶಿಕ್ಷಣ ನಿರ್ದೇಶಕರ ಪತ್ರ ಹಿಡಿದು ಒಬ್ಬೊಬ್ಬ ಉಪನ್ಯಾಸಕರ ಮುಂದೆ ಕೈಕಟ್ಟಿ ನಿಲ್ಲಬೇಕು. ಇಂಟರ್ನಲ್ಸ್ ತಪ್ಪಿದರೆ ಮರುಪರೀಕ್ಷೆ ಸಿಗುವುದು ವಿಭಾಗ ಮುಖ್ಯಸ್ಥರ ಮನಸ್ಸಿಗೆ ಬಿಟ್ಟದ್ದು. ಹಕ್ಕಾಗಿ ಸಿಗಬೇಕಾದ್ದನ್ನು ಹತ್ತೊಂಬತ್ತರ ಹುಡುಗಿ ದಯೆಯಾಗಿ ಬೇಡುವಂತೆ ಮಾಡಿದ್ದೇವೆ.

ಈ ಮಾತು ಎತ್ತಿದೊಡನೆ ಬರುವ ಉತ್ತರ, ಅಮೆರಿಕಕ್ಕೆ ಹೋಗಲಿ ಎಂಬುದು. ಅಲ್ಲಿನ ಕಾಲೇಜು ಟೆನಿಸ್ ದೊಡ್ಡದು ಎಂಬುದರಲ್ಲಿ ಎರಡು ಮಾತಿಲ್ಲ. ಜನವರಿಯಿಂದ ಮೇವರೆಗೆ ಕಾಲೇಜು ಕಾಲೇಜುಗಳ ನಡುವೆ ಪಂದ್ಯಗಳು, ಆರು ಸಿಂಗಲ್ಸ್, ಮೂರು ಡಬಲ್ಸ್. ಮಹೇಶ್ ಭೂಪತಿ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ಪರ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆಯಾದ ಎನ್‌ಸಿಎಎ ಡಬಲ್ಸ್ ಗೆದ್ದರು. ಸೋಮದೇವ್ ದೇವವರ್ಮನ್ ವರ್ಜೀನಿಯಾ ಪರ 2007 ಮತ್ತು 2008ರಲ್ಲಿ ಸಿಂಗಲ್ಸ್ ಪ್ರಶಸ್ತಿ ಗೆದ್ದರು. 2007ರ ಫೈನಲ್‌ನಲ್ಲಿ ಅವರಿಗೆ ಸೋತವರು ಜಾನ್ ಇಸ್ನರ್. ಆದರೆ ಆ ಬಾಗಿಲೂ ಅಲುಗಾಡುತ್ತಿದೆ. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಒಪ್ಪಿದ ಒಪ್ಪಂದದಿಂದಾಗಿ ವಿಶ್ವವಿದ್ಯಾಲಯಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದು. ಆ ಹಣ ಹರಿಯುವುದು ಮುಖ್ಯವಾಗಿ ಅಮೆರಿಕನ್ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೆ. ಖರ್ಚಿನ ಒತ್ತಡದಲ್ಲಿ ಕೆಲವೆಡೆ ಟೆನಿಸ್ ತಂಡಗಳನ್ನೇ ಮುಚ್ಚಿದ್ದಾರೆ. ವಿದೇಶಿಯರೇ ತಂಡ ತುಂಬುತ್ತಾರೆಂಬ ಅಸಮಾಧಾನವೂ ಅಲ್ಲಿ ಜೋರಾಗಿದೆ. ನಮ್ಮ ಮಕ್ಕಳ ಆಟವನ್ನು ಇನ್ನೊಂದು ದೇಶದ ಬಜೆಟ್‌ಗೆ ಒಪ್ಪಿಸಿ ಕೂರುವುದು ಹೊಣೆಗೇಡಿತನ.

ಅಮೆರಿಕದಿಂದ ನಾವು ತರಬೇಕಾದದ್ದು ಇನ್ನೊಂದಿದೆ. ಅದು ಸ್ಕಾಲರ್‌ಶಿಪ್‌ನಷ್ಟು ಸುದ್ದಿಯಾಗುವುದಿಲ್ಲ. ಮುಖ್ಯ ತಂಡದಲ್ಲಿ ಜಾಗ ಸಿಗದ ವಿದ್ಯಾರ್ಥಿಗಳು ಅಲ್ಲಿ ಕ್ಲಬ್ ತಂಡ ಕಟ್ಟಿಕೊಂಡು ಆಡುತ್ತಾರೆ. ಅಲ್ಲಿನ ಟೆನಿಸ್ ಸಂಸ್ಥೆಯ ಬೆಂಬಲದ 'ಟೆನಿಸ್ ಆನ್ ಕ್ಯಾಂಪಸ್' ಇದಕ್ಕೊಂದು ಚೌಕಟ್ಟು ಕೊಟ್ಟಿದೆ. ಹುಡುಗರು, ಹುಡುಗಿಯರು ಒಂದೇ ತಂಡದಲ್ಲಿರುತ್ತಾರೆ. ಪುರುಷರ ಸಿಂಗಲ್ಸ್, ಮಹಿಳೆಯರ ಸಿಂಗಲ್ಸ್, ಇಬ್ಬರದೂ ಡಬಲ್ಸ್, ಕೊನೆಗೆ ಮಿಶ್ರ ಡಬಲ್ಸ್, ಪ್ರತಿಯೊಂದೂ ಒಂದೇ ಸೆಟ್. ಗೆದ್ದ ಗೇಮ್‌ಗಳನ್ನೆಲ್ಲ ಕೂಡಿ ಫಲಿತಾಂಶ. ತಂಡ ನಡೆಸುವವರು ವಿದ್ಯಾರ್ಥಿಗಳೇ. ಈ ಮಾದರಿ ನಮಗೆ ಹೇಳಿ ಮಾಡಿಸಿದಂತಿದೆ. ಎರಡು ಕೋರ್ಟ್, ಕೆಲವು ಡಬ್ಬ ಚೆಂಡು, ಒಂದು ಭಾನುವಾರ ಇದ್ದರೆ ಎರಡು ಕಾಲೇಜುಗಳ ಪಂದ್ಯ ಮುಗಿಯುತ್ತದೆ, ಒಂದು ತರಗತಿಯೂ ತಪ್ಪುವುದಿಲ್ಲ. ಹುಡುಗಿಯರಿಲ್ಲದೆ ತಂಡವೇ ಆಗುವುದಿಲ್ಲವಾದ್ದರಿಂದ ಕಾಲೇಜು ಅವರನ್ನು ಹುಡುಕಿಕೊಂಡು ಹೋಗಲೇಬೇಕು. ಈ ಒಂದು ಕಾರಣಕ್ಕಾದರೂ ನಾನು ಇದರ ಪರ.

ಶ್ರೀಮಂತರ ಆಟಕ್ಕೆ ಸಾರ್ವಜನಿಕ ವಿಶ್ವವಿದ್ಯಾಲಯ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವವರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ತೀರ್ಮಾನ ಒಪ್ಪಿಗೆಯಿಲ್ಲ. ಕಾಲೇಜಿನ ದಾರಿ ಮುಚ್ಚಿದಾಗ ಉಳ್ಳವರ ಮಕ್ಕಳು ಖಾಸಗಿ ಅಕಾಡೆಮಿಯಲ್ಲೋ ವಿದೇಶದಲ್ಲೋ ಆಡುತ್ತಲೇ ಇರುತ್ತಾರೆ. ಆಟ ಬಿಡುವುದು ಬ್ಯಾಂಕ್ ಗುಮಾಸ್ತರ ಮಗಳು, ಕ್ಲಬ್ಬಿನಲ್ಲಿ ಚೆಂಡು ಹೆಕ್ಕುತ್ತಾ ಆಟ ಕಲಿತ ಹುಡುಗ. ಟೆನಿಸ್ ಶ್ರೀಮಂತರದ್ದಾಗಿಯೇ ಉಳಿಯಲು ಕಾಲೇಜುಗಳ ಈ ಉದಾಸೀನವೂ ಕಾರಣ.

ಹದಿನೆಂಟಕ್ಕೇ ಆಟಗಾರನ ಹಣೆಬರಹ ಗೊತ್ತಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಕೊಡಗಿನ ರೋಹನ್ ಬೋಪಣ್ಣ 2024ರಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೇ ರ‍್ಯಾಂಕಿಗೇರಿದಾಗ ಅವರಿಗೆ 43 ವರ್ಷ. ಎಲ್ಲರೂ ಬೋಪಣ್ಣ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಹತ್ತು ವರ್ಷ ಬೆವರು ಹರಿಸಿ ಕಲಿತದ್ದನ್ನು ಇನ್ನು ನಾಲ್ಕು ವರ್ಷ ಗಂಭೀರವಾಗಿ ಆಡುವ ಆಸೆಗೇ ಬೆಲೆಯಿದೆ.

ಸರ್ಕಾರ ಮೊದಲು ಮಾಡಬೇಕಾದದ್ದು, ಕೋಟಾದಲ್ಲಿ ಸೀಟು ಪಡೆದವರು ಕಾಲೇಜು ತಂಡಕ್ಕೆ ಆಡುವುದನ್ನೂ ಕಾಲೇಜು ಅವರಿಗೆ ಆಡಲು ಅವಕಾಶ ಕೊಡುವುದನ್ನೂ ನಿಯಮವಾಗಿಸುವುದು. ಮಾನ್ಯತೆ ಪಡೆದ ಟೂರ್ನಿಯ ದಿನಗಳು ತಾವಾಗಿಯೇ ಹಾಜರಾತಿಗೆ ಸೇರಬೇಕು, ತಪ್ಪಿದ ಪರೀಕ್ಷೆಗೆ ಮರುಪರೀಕ್ಷೆಯ ದಿನಾಂಕ ಮೊದಲೇ ನಿಗದಿಯಾಗಬೇಕು. ಮಿಶ್ರ ತಂಡಗಳ ಭಾನುವಾರದ ಲೀಗನ್ನು ವಿಶ್ವವಿದ್ಯಾಲಯಗಳ ಜೊತೆ ಸೇರಿ ರಾಜ್ಯ ಲಾನ್ ಟೆನಿಸ್ ಸಂಸ್ಥೆ ನಡೆಸಲಿ. ಕೋರ್ಟ್‌ಗಳು ಬೆಂಗಳೂರಿನಲ್ಲಷ್ಟೇ ಇಲ್ಲ. 2023ರಲ್ಲಿ ಮೈಸೂರು, ಧಾರವಾಡ, ಕಲಬುರಗಿ ಮೂರೂ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ (ಐಟಿಎಫ್) ಟೂರ್ನಿ ನಡೆಸಿವೆ. ಇಂಥ ಟೂರ್ನಿಗಳಲ್ಲಿ ಸಂಘಟಕರ ಕೈಯಲ್ಲಿ, ರ‍್ಯಾಂಕಿಂಗ್ ನೋಡದೆ ಪ್ರವೇಶ ಕೊಡಬಲ್ಲ ವೈಲ್ಡ್ ಕಾರ್ಡ್‌ಗಳಿರುತ್ತವೆ. ಎನ್‌ಸಿಎಎ ಚಾಂಪಿಯನ್ ಅಮೆರಿಕದವರಾದರೆ ಯುಎಸ್ ಓಪನ್‌ಗೆ ವೈಲ್ಡ್ ಕಾರ್ಡ್ ಕೊಡುವ ರೂಢಿ ಅಲ್ಲಿತ್ತು. ನಮ್ಮ ಕಾಲೇಜು ಲೀಗ್‌ನಲ್ಲಿ ಮೊದಲಿಗರಾದ ಹುಡುಗ, ಹುಡುಗಿಗೆ ರಾಜ್ಯದಲ್ಲಿ ನಡೆಯುವ ಐಟಿಎಫ್ ಟೂರ್ನಿಗಳ ಅರ್ಹತಾ ಸುತ್ತಿನಲ್ಲಿ ಒಂದೊಂದು ಜಾಗ ಮೀಸಲಿಡಲು ಸಂಸ್ಥೆಯ ಒಂದು ಸಭೆ ಸಾಕು. ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಹೊರಬೀಳುವ ಮೊದಲೇ ಆ ಸಭೆ ಕರೆಯಲಿ.